ಬಾಯಿ ಬಿಡದ ಏಳು ಮಕ್ಕಳು

ಕೊರಳ ಹಾರದ ಒದ್ದೆ ದಾರ ಬೆನ್ನಿಗಿಳಿದು ತಣ್ಣಗೆ ಕೊರೆಯುತ್ತಿದೆ, ಇವರಿಗೆ ಹೂವು ಕೊಳ್ಳುವುದೂ ಬರುವುದಿಲ್ಲ, ಹುಣಸೂರಿನ ಈ ಸಭಾಂಗಣದಲ್ಲಿ ಒಂದು ಫ್ಯಾನೂ ನೆಟ್ಟಗಿಲ್ಲ, ಆದರೂ ಎಂಥ ಚಪ್ಪಾಳೆ, ಬಡ ಮಕ್ಕಳ ಬಾಲ್ಯಕ್ಕೆ ನ್ಯಾಯ ದೊರಕಿಸಿದ ಡಾ. ಶಾಂತಲಾ ಅವರು, ಆ ಸಾಲನ್ನು ಬರೆದುಕೊಟ್ಟವಳು ತಾನೇ ಅಲ್ಲವೇ — ಸಮಾರಂಭ ಮುಗಿದು ಜನ ಊಟಕ್ಕೆ ನುಗ್ಗಿದ್ದಾರೆ, ಪಡಸಾಲೆಯಲ್ಲಿ ದಾರಿಗೆ ಅಡ್ಡ ಭಾಗ್ಯಮ್ಮ ನಿಂತಿದ್ದಾಳೆ, ಹಂಪಾಪುರದ ಆಚೆಯ ಅಂಗನವಾಡಿಯಲ್ಲಿ ಅಡುಗೆ ಮಾಡುತ್ತಿದ್ದವಳು, ಇವಳನ್ನು ಒಳಗೆ ಬಿಟ್ಟವರು ಯಾರು, ಚೆನ್ನಾಗಿದ್ದೀರಾ ಭಾಗ್ಯಮ್ಮ ಎಂದಿತು ಶಾಂತಲಾಳ ಬಾಯಿ ತನ್ನಷ್ಟಕ್ಕೆ, ಚಂದಾಗಿವ್ನಿ ಕಣವ್ವಾ, ನಿಮ್ ಕಾಗ್ದ ಮನೇಲ್ ಕೂರುಸ್ತಲ್ಲ, ಕೂತ್ಕಂಡೇ ಇವ್ನಿ.

ಕಾಗದವೆಂದರೆ ಎರಡು ವರ್ಷದ ಹಿಂದೆ ಶಾಂತಲಾ ಬರೆದ ವರದಿ, ಹದಿನೆಂಟರಲ್ಲಿ ಏಳು ಮಕ್ಕಳು ಚಿತ್ರ ತೋರಿಸಿದರೂ ಬಾಯಿ ಬಿಡುವುದಿಲ್ಲ, ಅಡುಗೆಯ ಸಹಾಯಕಿ ಮಕ್ಕಳೊಡನೆ ಮಾತಾಡದಿರುವುದೇ ಕಾರಣ — ಅದರಿಂದ ಬಡ್ತಿ, ಅದರಿಂದ ದೆಹಲಿ, ಅದರಿಂದ ಈ ದರಿದ್ರ ಹಾರ, ಏಳೂ ಮೇಲಿನ ಬೀದಿಯ ಮಕ್ಕಳು, ಭಾಗ್ಯಮ್ಮನ ಕೈಯ ತುತ್ತು ಉಣ್ಣಬಾರದೆಂದು ಮನೆಯಲ್ಲಿ ಹೇಳಿ ಕಳಿಸುತ್ತಿದ್ದರು, ಬಾಯಿ ತೆರೆದರೆ ಎಲ್ಲಿ ಅನ್ನ ಇಡುತ್ತಾಳೋ ಎಂದು ಹೊಸ್ತಿಲು ದಾಟುತ್ತಲೇ ತುಟಿ ಬಿಗಿಯುತ್ತಿದ್ದವು, ಹೊರಗೆ ಜಗಲಿಯಲ್ಲಿ ಗಿಳಿಗಳ ಹಾಗೆ ಹರಟುತ್ತಿದ್ದವು, ಅದು ಶಾಂತಲಾಳಿಗೆ ಮೊದಲ ದಿನವೇ ತಿಳಿದಿತ್ತು, ಕೆ.ಆರ್. ನಗರದ ಕಡೆ ಬಾಲವಾಡಿಯಲ್ಲಿ ಅವಳ ಅವ್ವನೂ ಬೇಯಿಸಿದವಳು, ತುಂಬಿದ ಪಾತ್ರೆ ತುಂಬಿದ ಹಾಗೇ ಮನೆಗೆ ಬರುತ್ತಿತ್ತು, ಸಂಜೆ ಮನೆಯವರೆಲ್ಲ ಅದನ್ನೇ ಉಣ್ಣುತ್ತಿದ್ದರು — ಶಾಂತಲಾಳ ಸಂಸ್ಥೆಯ ಮುಖ್ಯಸ್ಥ ರೇಣುಕಾಪ್ರಸಾದ್ ವರದಿಯ ಕರಡಿನಲ್ಲಿ ಇದನ್ನು ಬರೆದಿದ್ದ ಪುಟ ಮಡಚಿ ಅವಳತ್ತ ತಳ್ಳಿದ್ದರು, ಜಾತಿ ಅಂತ ಬರೆದರೆ ನಾಳೆಯಿಂದ ಯಾವ ಅಂಗನವಾಡಿಯೂ ನಮಗೆ ಬಾಗಿಲು ತೆಗೆಯಲ್ಲ, ಮಾತಿನ ಕೊರತೆ ಅನ್ನಿ, ಅವಳು ಅಂದಳು, ಅಷ್ಟು ಸುಲಭವಾಗಿ.

ನಾಳೆ ಕೋಟೆ ತಾಲೂಕ್ ಕಚೇರೀಲಿ ವಿಚಾರಣೆ ಐತೆ, ಆ ಮಕ್ಳು ಯಾಕ್ ಬಾಯ್ ಬುಡ್ತಿರ್ನಿಲ್ಲ ಅಂತ ನೀವೇ ಮೂರ್ ಸಾಲು ಬರ್ಕೊಟ್ರೆ ಕೆಲ್ಸ ತಿರ್ಗಾ ಸಿಕ್ತದೆ, ನಾ ಅಂದ್ರೆ ಯಾರ್ ನಂಬಾರು — ಮೂರು ಸಾಲು, ಬರೆದರೆ ಆ ವರದಿಯ ಮೇಲೆ ಕಟ್ಟಿದ್ದೆಲ್ಲ ಕುಸಿಯುತ್ತದೆ, ಇವತ್ತೇ ಬರಬೇಕಿತ್ತೇ ಈ ಹೆಂಗಸು, ಅತ್ತಿದ್ದರೆ ಸಮಾಧಾನ ಹೇಳಿ ಕಳಿಸಬಹುದಿತ್ತು, ಅಳುತ್ತಿಲ್ಲ, ನೋಡೋಣ ಭಾಗ್ಯಮ್ಮ, ಫೈಲು ತೆಗೆಸಬೇಕು, ಫೈಲ್ ಯಾಕವ್ವಾ, ಕಣ್ಣಾರೆ ಕಂಡೋರು ನೀವಲ್ವಾ, ಎಂದವಳೇ ಬಿಳಿ ಹಾಳೆಯ ಜೊತೆ ಪೆನ್ನು ಚಾಚಿದ್ದಾಳೆ, ಮುಚ್ಚಳ ತೆಗೆದು, ಹಿಡಿಯುವ ತುದಿ ಶಾಂತಲಾಳ ಕಡೆಗೆ ಮಾಡಿ, ಊಟಕ್ಕೆ ಬನ್ನಿ ಮೇಡಂ, ಒಳಗಿನಿಂದ ಯಾರೋ ಕರೆಯುತ್ತಿದ್ದಾರೆ, ಬಂದೆ, ಹೋಗಬೇಕು, ಪೆನ್ನಿನ ಮುಳ್ಳು ಭಾಗ್ಯಮ್ಮನ ಅಂಗೈಗೇ ಒತ್ತಿಕೊಂಡಿದೆ, ರೇಣುಕಾಪ್ರಸಾದ್ ಏನೆಂದಾರು, ಆ ಅಂಗೈಯಲ್ಲಿ ಒಂದು ನೀಲಿ ಚುಕ್ಕೆ, ಬನ್ನಿ ಮೇಡಂ, ಶಾಯಿ ಗೆರೆಗಳಿಗೆ ಹರಡಿ ದೊಡ್ಡದಾಗುತ್ತಿದೆ, ಚುಕ್ಕೆ, ನೀಲಿ ಚುಕ್ಕೆ —