ತಡೆದವನಿಗೊಂದು ಗೂಡು

ರಾಮನಗರದ ಫುಟ್‌ಬಾಲ್ ಕಮಿಟಿಯಲ್ಲಿ ಏಳು ಜನರಿದ್ದರು. ಆರು ಜನಕ್ಕೆ ರೇಷ್ಮೆಗೂಡಿನ ವಿಷಯ ಗೊತ್ತಿತ್ತು, ಒಬ್ಬರಿಗೆ ಫುಟ್‌ಬಾಲ್ ಗೊತ್ತಿತ್ತು. ಆ ಒಬ್ಬರು ಡ್ರಿಲ್ ಮೇಷ್ಟ್ರು ಹನುಮಂತಯ್ಯ. ಬುದ್ಧಿ ಇರುವವನಿಗೆ ಕಮಿಟಿಯಲ್ಲಿ ಆಗುವ ಮರ್ಯಾದೆಯೇ ಅವರಿಗೂ ಆಗುತ್ತಿತ್ತು. ಚಹಾ ಮೊದಲು ಅವರಿಗೆ ಬರುತ್ತಿತ್ತು, ಅವರ ಮಾತು ಯಾರ ಕಿವಿಗೂ ಹೋಗುತ್ತಿರಲಿಲ್ಲ.

ಅಧ್ಯಕ್ಷರು ಬಾಬಾಜಾನ್ ಸಾಬರು. ಗೂಡಿನಿಂದ ನೂಲು ತೆಗೆಯುವ ದೊಡ್ಡ ಫಿಲೇಚರ್ ಇಟ್ಟವರು. ವರ್ಷವರ್ಷವೂ ಪಂದ್ಯಾವಳಿಯ ಉತ್ತಮ ಆಟಗಾರನಿಗೆ ಚನ್ನಪಟ್ಟಣದಲ್ಲಿ ಕಡೆಸಿ, ಕೆಂಪು ಅರಗು ಹಚ್ಚಿಸಿದ ಮರದ ಕಪ್ಪು ಕೊಡುತ್ತಿದ್ದವರು ಅವರೇ. ಹೆಚ್ಚು ಗೋಲು ಹೊಡೆದವನಿಗೆ ಕಪ್ಪು, ಅಷ್ಟೇ ಅವರ ಶಾಸ್ತ್ರ. ಗೋಲನ್ನು ಎಣಿಸಬಹುದು. ಎಣಿಸಲಾಗದ್ದು ಅಲ್ಲಾಹನ ಇಲಾಖೆ, ಕಮಿಟಿಯದ್ದಲ್ಲ.

ಹೀಗಾಗಿ ಎಂಟು ವರ್ಷದಿಂದ ಹಿಂದೆ ನಿಂತು ಆಡುತ್ತಿದ್ದ ಸಮದ್‌ಗೆ ಒಂದು ಕಪ್ಪೂ ಸಿಕ್ಕಿರಲಿಲ್ಲ. ಹಗಲೆಲ್ಲ ಬಿಸಿನೀರಿನ ಮುಂದೆ ಕೂತು ನೂಲು ತೆಗೆಯುವ ಮನುಷ್ಯ. ಸ್ಕೂಲಿನಲ್ಲೂ ಆಮೇಲೆ ಊರ ತಂಡದಲ್ಲೂ ಹನುಮಂತಯ್ಯನವರೇ ಕಲಿಸಿದ ಶಿಷ್ಯ, ನಿಲ್ಲು ಎಂದರೆ ನಿಲ್ಲುವವನು. ಎದುರಾಳಿ ಎಲ್ಲಿಗೆ ಬರುತ್ತಾನೋ ಅಲ್ಲಿ ಮೊದಲೇ ಹೋಗಿ ನಿಂತಿರುತ್ತಿದ್ದ. ಇವನನ್ನು ಕಂಡು ಅವರು ಚೆಂಡನ್ನು ಬೇರೆ ಕಡೆಗೆ ಒದೆಯುತ್ತಿದ್ದರು. ಅವನ ಆಟವೆಂದರೆ ಅಷ್ಟೇ, ಅಂಥ ಆಟ ಜಿಲ್ಲೆಯಲ್ಲಿ ಇನ್ನೊಬ್ಬರದಿರಲಿಲ್ಲ. ಆದರೆ ಅವನ ತಾಯಿ ಅಖ್ತರಿಗೆ ಇದು ಹೇಗೆ ತಿಳಿಯಬೇಕು? ಪಕ್ಕದ ಮನೆಯವರ ಗೋಡೆಗೂಡಿನಲ್ಲಿ ಕಪ್ಪುಗಳ ಸಾಲು, ಮಗ ಮಾತ್ರ ಬರಿಗೈಯಲ್ಲಿ ಬರುತ್ತಾನೆ. ಮೈದಾನಕ್ಕೆ ಹೋಗಿ ಸುಮ್ಮನೆ ನಿಂತು ಬರುತ್ತಾನೆಂದು ಆಕೆ ಬೀದಿಯಲ್ಲೇ ಹೇಳಿ ಕಣ್ಣು ಒರೆಸಿಕೊಂಡಳು. ಅದು ಮೇಷ್ಟ್ರ ಕಿವಿಗೆ ಬಿತ್ತು. ನಲವತ್ತು ಹತ್ತಿರವಾದ ಮಂಡಿ ಮುಂದಿನ ವರ್ಷ ಓಡುವುದಿಲ್ಲ, ಈ ಸಲವೇ ನಿನ್ನ ಮನೆಗೆ ಕಪ್ಪು ಬರುವಂತೆ ಮಾಡುತ್ತೇನೆ ಎಂದು ಸಮದ್‌ಗೆ ಮಾತು ಕೊಟ್ಟರು.

ಕಮಿಟಿಯಲ್ಲಿ ಜಗಳವಾಡಿದರು. ಎಣಿಸುವುದಕ್ಕೆ ಏನಾದರೂ ಕೊಡಿ, ಆಮೇಲೆ ನೋಡೋಣ ಎಂದರು ಸಾಬರು. ಮೇಷ್ಟ್ರು ಹುಮ್ಮಸ್ಸಿನಲ್ಲಿ ಒಂದು ಉಪಾಯ ಹೇಳಿದರು. ಆಟಗಾರ ಒಂದು ಸಲ ಚೆಂಡು ತಡೆದರೆ ಅವನ ಹೆಸರಿನ ತಟ್ಟೆಗೆ ಒಂದು ರೇಷ್ಮೆಗೂಡು. ಗೋಲಿಗೆ ಐದು ಗೂಡು. ಹೆಚ್ಚು ಗೂಡಿದ್ದವನಿಗೆ ಕಪ್ಪು. ಗೂಡಿನ ಹೆಸರು ಕೇಳಿದ್ದೇ ಕಮಿಟಿಯ ಮುಖಗಳು ಅರಳಿದವು. ಜೊಳ್ಳು ಗೂಡು ಹಾಕಬಾರದೆಂದು ಸಾಬರು ತಾಕೀತು ಮಾಡಿದರು, ಒಳ್ಳೆಯ ಬಿಳಿ ಗೂಡನ್ನು ತಮ್ಮ ಫಿಲೇಚರಿನಿಂದಲೇ ಕಳಿಸಿದರು. ತಟ್ಟೆಗೆ ಹಾಕುವ ಕೆಲಸ ಮೇಷ್ಟ್ರದ್ದೇ.

ಸೆಮಿಫೈನಲ್ ಕನಕಪುರದ ಮೇಲೆ. ರಾಮನಗರ ಗೆದ್ದಿತು. ಸಮದ್‌ನ ತಟ್ಟೆಯಲ್ಲಿ ಎರಡು ಗೂಡು. ಅವನ ಜೊತೆಗೆ ಹಿಂದೆ ಆಡುವ ಅಮೀರನ ತಟ್ಟೆಯಲ್ಲಿ ಹತ್ತೊಂಬತ್ತು.

ಅಮೀರನ ಆಟವೆಂದರೆ ಕೋಟೆ ಸೂರೆ ಹೋದ ಮೇಲೆ ದಿಡ್ಡಿ ಬಾಗಿಲು ಹಾಕುವ ಆಟ. ಅವನು ನಿಲ್ಲಬೇಕಾದ ಕಡೆ ಎಂದೂ ನಿಂತವನಲ್ಲ. ಎದುರಾಳಿ ದಾಟಿ ಹೋದಮೇಲೆ ಕೂಗುತ್ತಾ ಓಡಿ, ಜಾರಿ, ಮಣ್ಣಲ್ಲಿ ಉರುಳಿ ಚೆಂಡನ್ನು ಹೇಗೋ ಕಾಲಿಗೆ ಸಿಕ್ಕಿಸಿಕೊಳ್ಳುತ್ತಿದ್ದ. ತಾನೇ ಹಚ್ಚಿದ ಬೆಂಕಿಯನ್ನು ತಾನೇ ಆರಿಸಿದವನಿಗೆ ಊರೆಲ್ಲ ಚಪ್ಪಾಳೆ. ಮೇಷ್ಟ್ರಿಗೆ ಮೈ ಉರಿದುಹೋಯಿತು. ನೇರ ಅಧ್ಯಕ್ಷರ ಬಳಿ ಹೋದರು.

"ಎರಡೇ ಸಲ ಚೆಂಡು ಸಮದ್ ತಾವ ಬಂತು ಅಂದ್ರೆ, ಮಿಕ್ಕಿದ್ದು ಬರ್ದಂಗೆ ನೋಡ್ಕಂಡ ಅಂತ ಅಲ್ವಾ ಸಾಬ್ರೇ?"

"ಬರ್ದೇ ಇದ್ದಿದ್ದ ನಾನು ಎಲ್ಲಿಂದ ಎಣಿಸ್ಲಿ ಮೇಷ್ಟ್ರೇ? ಗೂಡು ಮುಂದಿಟ್ರೆ ರೇಟು ಕಟ್ತೀನಿ. ಕಟ್ದೇ ಇರೋ ಗೂಡಿಗೆ ರೇಟು ಕಟ್ಟು ಅಂತೀರಲ್ಲ. ರೂಲ್ಸು ನಿಮ್ದೇ ಐತೆ," ಎಂದರು ಸಾಬರು. ಉಳಿದ ಐವರೂ ತಲೆಯಾಡಿಸಿದರು.

ರೂಲ್ಸು ತಮ್ಮದೇ ಆಗಿತ್ತು, ಮೇಷ್ಟ್ರು ಎದ್ದು ನಡೆದರು. ಹೊರಗೆ ಬಂದರೆ ಸಮದ್ ಕಾದು ನಿಂತಿದ್ದ. ಅವನಿಗೆ ಕೋಪವಿರಲಿಲ್ಲ, ತಿಳಿಯಬೇಕೆಂಬ ಆಸೆ ಇತ್ತು. ತಟ್ಟೆಗೆ ಗೂಡು ಬೀಳಬೇಕಾದರೆ ಏನು ಮಾಡಬೇಕು ಎಂದು ಕೇಳಿದ.

"ಮೊದ್ಲು ಎದುರಿನವನ್ನ ಒಳಕ್ಕೆ ಬುಡು. ಆಮ್ಯಾಕೆ ಓಡೋಗಿ ಹಿಡಿ. ಅಮೀರ ಮಾಡಿದ್ದೂ ಅದೇ ಕಣಪ್ಪಾ," ಎಂದು ಮೇಷ್ಟ್ರು ಹಲ್ಲು ಕಡಿದುಕೊಂಡು ಹೇಳಿ ಸೈಕಲ್ ಹತ್ತಿದರು. ಹೇಳಿದ್ದು ಕಮಿಟಿಯ ಮೇಲಿನ ಸಿಟ್ಟಿಗೆ. ಆದರೆ ಎಂಟು ವರ್ಷದಲ್ಲಿ ಮೇಷ್ಟ್ರ ಒಂದು ಮಾತನ್ನೂ ಸಮದ್ ತಮಾಷೆಯೆಂದು ತಳ್ಳಿಹಾಕಿದವನಲ್ಲ.

ಫೈನಲ್ ಮಾಗಡಿಯ ಮೇಲೆ. ಅವರ ಪರ ಗೋಲು ಹೊಡೆಯುವವನು ತಿಪ್ಪಸಂದ್ರದ ಹುಚ್ಚಯ್ಯ, ಬೂಟಿಲ್ಲದೆ ಆಡುವವನು. ಮೊದಲ ಸಲ ಅವನು ಚೆಂಡು ತಂದಾಗ ಸಮದ್ ಪಕ್ಕಕ್ಕೆ ಸರಿದು ದಾರಿ ಬಿಟ್ಟ. ಮಂಡಿ ನೋವಿರಬೇಕೆಂದು ಮೇಷ್ಟ್ರು ಅಂದುಕೊಂಡರು. ಅಷ್ಟರಲ್ಲಿ ಸಮದ್ ಹಿಂದಿನಿಂದ ಓಡಿ, ಎಂದೂ ಜಾರದವನು ಜಾರಿ, ಗೋಲಿನ ಬಾಯಲ್ಲಿ ಚೆಂಡನ್ನು ಹೊರಗಟ್ಟಿದ. ಮೈದಾನ ಎದ್ದು ನಿಂತಿತು. ಎರಡನೇ ಸಲವೂ ದಾರಿ ಬಿಟ್ಟಾಗ ಮೇಷ್ಟ್ರಿಗೆ ಅರ್ಥವಾಯಿತು, ಕೈಯಲ್ಲಿದ್ದ ಗೂಡು ನೆಲಕ್ಕೆ ಬಿತ್ತು. ಬೇಡ ಕಣೋ ಎಂದು ಕೂಗಿದರು. ಜನ ಸಮದ್‌ನ ಹೆಸರು ಹಿಡಿದು ಕೂಗುತ್ತಿದ್ದಾಗ ಅದು ಯಾರಿಗೆ ಕೇಳಬೇಕು? ಗಂಡಸರ ಹಿಂದೆ, ಗೋಡೆಯ ಪಕ್ಕ ನಿಂತಿದ್ದ ಅಖ್ತರಿಯೂ ಅದೇ ಮೊದಲ ಸಲ ಮಗನ ಆಟ ಕಂಡು ಪಕ್ಕದವಳ ತೋಳು ಹಿಡಿದುಕೊಂಡಿದ್ದಳು.

ಮೇಷ್ಟ್ರು ಒಂದೊಂದಾಗಿ ಗೂಡು ಹಾಕುತ್ತಾ ಹೋದರು. ಹಾಕದಿರುವಂತಿಲ್ಲ, ಕೊಟ್ಟ ಮಾತು ತಟ್ಟೆಯಲ್ಲಿ ತುಂಬುತ್ತಿತ್ತು. ಓಡಿ ಹಿಡಿಯಲಾಗದ ಮೂರು ಚೆಂಡು ಗೋಲಿನೊಳಗೆ ಹೋದವು. ರಾಮನಗರ ಮೂರು-ಒಂದರಲ್ಲಿ ಸೋತಿತು. ಸಮದ್‌ಗೆ ಒಟ್ಟು ಮೂವತ್ತಾರು ಗೂಡು, ಅಮೀರನಿಗಿಂತಲೂ ಹೆಚ್ಚು. ಬಾಬಾಜಾನ್ ಸಾಬರು ತಾವೇ ಎಣಿಸಿದರು, ಜೊಳ್ಳಲ್ಲ ತಾನೇ ಎಂದು ಒಂದನ್ನು ಕಿವಿಯ ಹತ್ತಿರ ಅಲ್ಲಾಡಿಸಿಯೂ ನೋಡಿದರು. ಇಂಥ ಆಟಗಾರನಿದ್ದೂ ಊರು ಸೋತದ್ದು ಮಿಕ್ಕವರ ತಪ್ಪೆಂದು ಮೈಕಿನಲ್ಲಿ ನೊಂದುಕೊಂಡರು. ಹಿಂದೆ ಆಡುವವನಿಗೂ ಉತ್ತಮ ಆಟಗಾರನ ಕಪ್ಪು ಸಲ್ಲುತ್ತದೆಂದು ಸಾಧಿಸಿದ ಹನುಮಂತಯ್ಯನವರಿಗೆ ಶಾಲು ಹೊದಿಸಿದರು.

ಸಮದ್ ಮಣ್ಣು ಮೈಯಲ್ಲೇ ಬಂದು ಕಪ್ಪನ್ನು ಮೇಷ್ಟ್ರ ಕೈಗಿಟ್ಟು ಕಾಲಿಗೆ ಬಗ್ಗಿದ. ಅವನ ಕಣ್ಣು ತುಂಬಿತ್ತು.

"ಮೇಷ್ಟ್ರೇ, ಇಷ್ಟು ಸಲೀಸಾಗಿ ಐತಲ್ಲ ಇದು. ಎಂಟು ವರ್ಸ ಯಾಕೆ ನಂಗೆ ತಪ್ಪು ಹೇಳ್ಕೊಟ್ರಿ?"