ಆ ಒಂದು ‘ಇಲ್ಲ’

ಅಣ್ಣನ ತಲೆ ಪಕ್ಕಕ್ಕೆ ವಾಲದಂತೆ ಪಂಕಜಾಕ್ಷಿ ಎರಡೂ ಕೈಯಲ್ಲಿ ಹಿಡಿದುಕೊಂಡಿದ್ದಳು. ಅವನ ಮೋಟಾರ್ ವೈಂಡಿಂಗ್ ಅಂಗಡಿಯಲ್ಲಿ ಹದಿನೈದು ವರ್ಷ ಜೊತೆಗಿದ್ದ ತಿಪ್ಪೇಶ, ಕೂರಿಸಿದ ದೇಹವನ್ನು ಬಿಳಿ ಪಂಚೆಯಿಂದ ಕಿಟಕಿಯ ಸರಳಿಗೆ ಬಿಗಿಯುತ್ತಿದ್ದ. ದಪ್ಪಗೆ ವಿಭೂತಿ ಬಳಿದರೂ ಸೋಮಶೇಖರಪ್ಪನ ಮುಖದ ಹಳದಿ ಮುಚ್ಚಿರಲಿಲ್ಲ.

ಪಂಚನಹಳ್ಳಿ ಸುತ್ತಿನ ತೋಟದವರೆಲ್ಲ ಬಂದಿದ್ದರು. ಯಾರ ಬೋರ್‌ವೆಲ್ ಕೆಟ್ಟಿತೆಂದರೂ ಹಬ್ಬದ ಊಟ ಬಿಟ್ಟು ಎದ್ದು ಹೋಗುತ್ತಿದ್ದವನು ಅವನು.

“ಏನಾಗಿತ್ತವ್ವಾ?” ಪಕ್ಕದ ಮನೆಯ ಹುಲಿಯಮ್ಮ ಕೇಳಿದಳು.

“ಕಾಮಾಲೆ ಕಣಜ್ಜಿ. ಎಂಟೇ ದಿನ,” ಎಂದಳು ಅತ್ತಿಗೆ ಯಶೋದಾ.

ಪಂಕಜಾಕ್ಷಿ ತಲೆ ಎತ್ತಲಿಲ್ಲ.

*

ಎರಡು ವರ್ಷದ ಹಿಂದೆ, ಮನೆಮನೆಯ ಆರೋಗ್ಯ ಸಮೀಕ್ಷೆ. ಪಂಕಜಾಕ್ಷಿಯಂಥ ಆಶಾ ಕಾರ್ಯಕರ್ತೆಯರಿಗೆ ಕಡೂರಿನ ತರಬೇತಿಯಲ್ಲಿ ಡಾಕ್ಟರು ಬಿಡಿಸಿ ಹೇಳಿದ್ದರು: ಇಷ್ಟು ಕುಡಿದರೆ ಪರವಾಗಿಲ್ಲ ಎನ್ನುವ ಅಳತೆಯೇ ಇಲ್ಲ, ದಿನಾ ಕುಡಿಯುವವರ ಹೆಸರು ಬರೆದು ಪರೀಕ್ಷೆಗೆ ಕಳಿಸಿ. ಆ ಮಾತನ್ನು ಅವಳು ಊರೆಲ್ಲ ಹೇಳಿಕೊಂಡು ಬಂದಳು. ಅಣ್ಣನ ಜಗಲಿಯಲ್ಲಿ, ‘ಕುಡಿತ ಇದೆಯೇ?’ ಎಂಬ ಕಾಲಂ ಮುಂದೆ ಪೆನ್ನು ನಿಂತಿತು.

“ಸಂಜೆಗೊಂದು ಕ್ವಾರ್ಟರ್, ಅಷ್ಟೇ ಕಣೇ. ದಿನಾ ಬೋರ್ ಪೈಪ್ ಎತ್ತೋ ಮೈ,” ಅಣ್ಣ ನಕ್ಕ. ಆಮೇಲೆ ದನಿ ತಗ್ಗಿಸಿದ. “ಅದನ್ನ ಬರೀಬೇಡ. ಸ್ವಾಮ್ಗೋಳು ಪಾದಪೂಜೆಗೆ ಬರೋ ಮನೆ. ಪ್ರಜ್ಞಂಗೆ ಗಂಡು ಬೇರೆ ನೋಡ್ತಿದೀವಿ.”

“ಪರೀಕ್ಷೆ ಆದ್ರೂ ಮಾಡಿಸ್ಕೋ ಅಣ್ಣ.”

“ಮಗಳ ಮದ್ವೆ ಮುಗೀಲಿ, ಬತ್ತೀನಿ.”

ಅವಳು ‘ಇಲ್ಲ’ ಎಂದು ಬರೆದಳು. ಕಾಫಿ ತಂದ ಯಶೋದಾ ಅದನ್ನು ಓದಿ, ಲೋಟ ಇಟ್ಟು ಹೋದಳು.

ಮದುವೆ ಮುಗಿಯಿತು. ಅವನು ಬರಲಿಲ್ಲ. ಇವಳೂ ಮತ್ತೆ ಕೇಳಲಿಲ್ಲ.

*

ತೆಂಗಿನ ತೋಟದ ಅಂಚಿನಲ್ಲಿ ಗುಂಡಿ ತೋಡಿದ್ದರು. ದೇಹ ಇಳಿಸುವಾಗ ಯಶೋದಾ ನಾದಿನಿಯ ತೋಳು ಹಿಡಿದುಕೊಂಡಳು.

“ಅವತ್ತು ನೀನು ಇಲ್ಲ ಅಂತ ಬರ್ದೆಯಲ್ಲಾ... ನಿಂಗೆ ಇದೆಲ್ಲ ಗೊತ್ತಿರ್ತದೆ, ಅಷ್ಟು ಭಯ ಇಲ್ವೇನೋ ಅಂದ್ಕೊಂಡೆ ಕಣೇ. ಆಮೇಲೆ ನಾನು ಬೈಯೋದೂ ಬಿಟ್ಬಿಟ್ಟೆ.”

ಆ ಮಾತಿನಲ್ಲಿ ಕೊಂಕಿರಲಿಲ್ಲ. ಇದ್ದಿದ್ದರೆ ಪಂಕಜಾಕ್ಷಿಗೆ ತಡೆದುಕೊಳ್ಳುವುದು ಸುಲಭವಾಗುತ್ತಿತ್ತು.

ಹಿಂದೆ ಸೋದರಮಾವ ರುದ್ರಮೂರ್ತಿ ತಡವಾಗಿ ಬಂದ ನೆಂಟರಿಗೆ ಹೇಳುತ್ತಿದ್ದರು: “ಕಾಮಾಲೆ ಕಣ್ರೀ, ಗೊತ್ತೇ ಆಗ್ಲಿಲ್ಲ.”

“ಕುಡಿತ, ಮಾವ,” ಪಂಕಜಾಕ್ಷಿಯ ದನಿ ಅವಳಿಗೇ ದೊಡ್ಡದಾಗಿ ಕೇಳಿಸಿತು. “ಲಿವರ್ ಹೋಗಿತ್ತು. ಕುಡಿಯೋದು ನಂಗೆ ಗೊತ್ತಿತ್ತು. ಮುಚ್ಚಿಟ್ಟೆ.”

ಮಂತ್ರ ಹೇಳುತ್ತಿದ್ದ ಅಯ್ಯನವರು ಕ್ಷಣ ನಿಲ್ಲಿಸಿದರು. ರುದ್ರಮೂರ್ತಿ ಮುಖ ತಿರುಗಿಸಿಕೊಂಡರು.

ಬಿಲ್ವಪತ್ರೆ ಹಾಕಲು ತಿಪ್ಪೇಶ ಬಗ್ಗಿದ. ಸಂಜೆಯ ಬಾಟಲಿಗೆ ಅಣ್ಣನ ಜೊತೆ ಕೂರುತ್ತಿದ್ದವನು ಅವನೇ. ಅವನ ಬೆರಳು ನಡುಗುತ್ತಿದ್ದವು; ಎಲೆಗಳು ಗುಂಡಿಯ ಹೊರಗೇ ಉದುರಿದವು.

ಪಂಕಜಾಕ್ಷಿ ಕೈಯ ಮಣ್ಣನ್ನು ಸೀರೆಗೆ ಒರೆಸಿಕೊಂಡು ಹತ್ತಿರ ಹೋದಳು.

“ಇಲ್ನೋಡೋ ತಿಪ್ಪೇಶ, ಮೇಲಕ್ಕೆ.”

ನಲವತ್ತು ದಾಟಿದ ಗಂಡಸು, ಊರೆಲ್ಲ ನೋಡುತ್ತಿರುವಂತೆಯೇ ಮುಖ ಎತ್ತಿ ನಿಂತ. ಅವಳು ಹೆಬ್ಬೆರಳಿನಿಂದ ಅವನ ಕೆಳರೆಪ್ಪೆಯನ್ನು ಮೆಲ್ಲಗೆ ಎಳೆದು, ಕಣ್ಣಲ್ಲಿ ಹಳದಿ ಹುಡುಕುತ್ತ ಮುಖವನ್ನು ಬಿಸಿಲಿಗೆ ತಿರುಗಿಸಿದಳು.