ನಿಲ್ಲುವ ಹಾಡು

ಆ ಹೊಲಿಗೆ ಕೋಣೆಯಲ್ಲಿ ಅಂಗಿಯ ಯಾವ ಭಾಗ ಹೊಲಿಯುತ್ತೀರೋ ಅದೇ ನಿಮ್ಮ ಹೆಸರು. ಜೇಬು ಹೊಲಿಯುವವನು ಜೇಬಣ್ಣ, ಕಾಲರ್ ಹೊಲಿಯುವವಳು ಕಾಲರಕ್ಕ. ಗುಂಡಿಗೆ ಕಾಜಾ ಹೊಲಿಯುವವಳು ಮಾತ್ರ ಕಾಜಾ ಆಗದೆ ರೇಡಿಯೊ ಆಗಿದ್ದಳು, ಏಕೆಂದರೆ ಗೋಡೆಯ ಸ್ಪೀಕರಿಗೆ ಹಾಡು ಹಾಕುವುದು ಅವಳ ಪಾಲಿನ ಕೆಲಸ. ಕಾಲರಕ್ಕ ಅವಳ ಸ್ವಂತ ಚಿಕ್ಕಮ್ಮ. ಕೆಲಸಕ್ಕೆ ಸೇರಿಸಿದವಳೂ ಅವಳೇ, ಯಾವ ಹಾಡು ಬಂದರೂ ಮೊದಲು ಮೂಗು ಮುರಿಯುವವಳೂ ಅವಳೇ.

ರೇಡಿಯೊಗೆ ಹೊಸ ಹಾಡೆಂದರೆ ಪ್ರಾಣ. ಚಳಿ ಕಳೆಯುವ ಹೊತ್ತಿಗೇ ಬೇಸಿಗೆಯ ಹಾಡುಗಳನ್ನು ಹುಡುಕಲು ಕೂರುತ್ತಿದ್ದಳು. ಬೇಸಿಗೆಯ ಹಾಡು ಮೈಗೆ ಅಂಟಬಾರದು, ಮೊದಲೇ ಬೆವರಿದವರ ಮೇಲೆ ವಾದ್ಯಗಳ ರಾಶಿ ಹೇರಬಾರದು ಅನ್ನುವುದು ಅವಳ ಕಾನೂನು. ಈ ಸಲದ ಆಯ್ಕೆಯ ಬಗ್ಗೆ ಅವಳಿಗೇ ಹೆಮ್ಮೆಯಿತ್ತು. ಮೂವರು ಅಕ್ಕತಂಗಿಯರು ಮಹಡಿಯ ಮೇಲೆ ಕೂತು ಹಾಡಿದ ಆಲ್ಬಂ ಒಂದು. ಹಾಡಿನ ಹಿಂದೆ ಟ್ಯಾಂಕಿಗೆ ನೀರು ಬೀಳುವ ಸದ್ದೂ ಕೇಳುತ್ತದೆ. ಒಡಕು ಗಂಟಲಿನ ಮುದುಕನೊಬ್ಬ ಬರೀ ಒಂದು ಡ್ರಮ್ ಇಟ್ಟುಕೊಂಡು ಹಾಡಿದ್ದು ಇನ್ನೊಂದು. ಆ ವಯಸ್ಸಿಗೆ ಅದು ಅವನ ಮೊದಲ ಆಲ್ಬಂ. ಎಲ್ಲಕ್ಕಿಂತ ಮೇಲೆ ಆ ಒಂದು ಹಾಡು. ಹುಡುಗಿಯೊಬ್ಬಳು ಮೇಲಕ್ಕೆ ಮೇಲಕ್ಕೆ ಹಾಡುತ್ತ ಹೋಗಿ ನಡುವೆ ಥಟ್ಟನೆ ನಿಲ್ಲುತ್ತಾಳೆ. ವಾದ್ಯವೂ ನಿಲ್ಲುತ್ತದೆ. ಮುಗಿದೇಹೋಯಿತೇನೋ ಅನ್ನುವಷ್ಟರಲ್ಲಿ ಮೆಲ್ಲಗೆ ಕೆಳದನಿಯಲ್ಲಿ ಮರಳಿ ಬರುತ್ತಾಳೆ. ಮೊದಲ ಸಲ ಅದನ್ನು ಕೇಳಿದಾಗ ರೇಡಿಯೊ ಬಸ್ಸಿನಲ್ಲಿದ್ದಳು, ಇಳಿಯುವ ಸ್ಟಾಪು ದಾಟಿದ್ದೇ ಗೊತ್ತಾಗಲಿಲ್ಲ.

ಅವಳಿಗೆ ಬೇಕಾಗಿದ್ದು ಇಷ್ಟೇ: ಈ ಕೋಣೆಯಲ್ಲಿ ಯಾರಾದರೂ ಒಬ್ಬರು, ಒಂದು ಹೊಸ ಹಾಡು ಕೇಳಿ, "ಇನ್ನೊಂದು ಸಲ ಹಾಕು" ಅನ್ನಬೇಕು. ಇಷ್ಟು ವರ್ಷಗಳಲ್ಲಿ ಒಬ್ಬರೂ ಅಂದಿರಲಿಲ್ಲ.

"ಇದೇನೇ ಇದು, ಹಲ್ಲುನೋವು ಬಂದೋರ ಹಾಗೆ ನರಳ್ತಾಳೆ," ಆ ಹಾಡು ಶುರುವಾದೊಡನೆ ಚಿಕ್ಕಮ್ಮ ಬಾಯಿ ತೆಗೆದಳು. "ಹೋದ ಬೇಸಿಗೆದು ಹಾಕು. ಅದು ಹಾಡು ಅಂದ್ರೆ."

"ಹೋದ ಬೇಸಿಗೇಲಿ ಅದನ್ನೂ ಹೀಗೇ ಬೈದಿದ್ದೆ, ಚಿಕ್ಕಮ್ಮ."

"ಯಾರು, ನಾನಾ? ಅದು ನಂಗೆ ಮೊದಲಿಂದಲೂ ಇಷ್ಟ."

"ನಂಗೂ," ಎಂದ ಜೇಬಣ್ಣ. ಹೋದ ವರ್ಷ ಆ ಹಾಡು ಬಂದಾಗಲೆಲ್ಲ ಕಿವಿಗೆ ಹತ್ತಿ ಇಟ್ಟುಕೊಂಡಿದ್ದ ಮಹಾನುಭಾವ.

ರೇಡಿಯೊಗೆ ತಲೆ ಚಿಟ್ಟು ಹಿಡಿಯಿತು. ಪ್ರತಿ ವರ್ಷ ಇದೇ ಕತೆ. ಈ ವರ್ಷ ಉಗುಳಿದ್ದನ್ನು ಮುಂದಿನ ವರ್ಷ ಚಪ್ಪರಿಸುವ ಜನಕ್ಕೆ ಏನು ಹೇಳುವುದು? ಕೋಣನ ಮುಂದೆ ಕಿನ್ನರಿ ಬಾರಿಸಿದರೆ ಕೋಣ ಸುಮ್ಮನಾದರೂ ಇರುತ್ತದೆ, ಹಳೇ ಕಿನ್ನರಿ ತಾ ಅನ್ನುವುದಿಲ್ಲ. ಕೇಳಿ ಕೇಳಿ ರುಚಿ ಹತ್ತಲಿ ಎಂದು ಹಟಕ್ಕೆ ಬಿದ್ದು, ಮರುದಿನ ಪ್ರತಿ ಎರಡು ಹಾಡುಗಳ ಮಧ್ಯೆ ಆ ನಿಲ್ಲುವ ಹಾಡನ್ನೇ ತೂರಿಸಿದಳು.

"ಹಾಡಿದ್ದೇ ಹಾಡೋ ಕಿಸಬಾಯಿ ದಾಸ," ಎಂದು ಚಿಕ್ಕಮ್ಮ ಪ್ರತಿ ಸಲವೂ ಶುರುವಿನಿಂದಲೇ ಬೈದಳು. ರೇಡಿಯೊ ಕಿವುಡಿಯಾದಳು.

ಅವಳು ಯೋಚಿಸದೆ ಇದ್ದದ್ದು ಒಂದೇ. ಆ ಕೋಣೆಯಲ್ಲಿ ಕಾಲುಗಳು ಪೆಡಲ್ ತುಳಿಯುತ್ತಿದ್ದದ್ದು ಹಾಡಿನ ತಾಳಕ್ಕೆ. ಬೇಕೆಂದು ಯಾರೂ ಮಾಡುತ್ತಿರಲಿಲ್ಲ, ಎಲ್ಲರಿಗೂ ಅದು ರೂಢಿಯಾಗಿತ್ತು. ಹಾಡು ನಿಂತಾಗ ಕಾಲೂ ನಿಂತಿತು, ಕೈ ಮಾತ್ರ ಬಟ್ಟೆ ಎಳೆಯುತ್ತಲೇ ಇತ್ತು. ಸಂಜೆ ಬಟ್ಟೆ ಕತ್ತರಿಸುವ ಮಾಸ್ಟರು ಶಾಲೆಯ ಅಂಗಿಗಳನ್ನು ಬೆಳಕಿಗೆ ಹಿಡಿದು ನೋಡಿದರೆ, ಕಾಲರಿನಲ್ಲಿ ಒಂದು ಗಂಟು, ಜೇಬಿನಲ್ಲಿ ಒಂದು ಗಂಟು, ತೋಳಿನಲ್ಲಿ ಒಂದು.

"ಏನಿದು?" ಎಂದರು ಮಾಸ್ಟರು.

"ಇವಳ ಆ ದರಿದ್ರ ಹಾಡು," ಎಂದರು ಎಲ್ಲರೂ ಒಂದೇ ಬಾಯಲ್ಲಿ. ಹೊಲಿಗೆ ಹಾಕಿದ್ದು ಅವರು, ತಪ್ಪು ಹಾಡಿನದು.

ಮಾಸ್ಟರು ಸ್ಪೀಕರ್ ಬಿಚ್ಚಿ ಬೀರುವಿಗಿಟ್ಟು ಬೀಗ ಹಾಕಿದರು. "ಇನ್ಮೇಲೆ ಹಾಡು ಗೀಡು ಏನೂ ಬೇಡ," ಎಂದರು. ಉಳಿದ ಸಂಜೆಯೆಲ್ಲ ರೇಡಿಯೊ ಬ್ಲೇಡು ಹಿಡಿದು ಗಂಟು ಬಿಚ್ಚುತ್ತ ಕೂತಳು. ಅಳು ಬಂತು. ಅತ್ತರೆ ಅದಕ್ಕೂ ಹಾಡೇ ಕಾರಣ ಅನ್ನುತ್ತಾರೆಂದು ನುಂಗಿಕೊಂಡಳು. ಸಾಕು, ಇವರಿಗಾಗಿ ಇನ್ನು ಒಂದು ಹಾಡನ್ನೂ ಹುಡುಕುವುದಿಲ್ಲ ಎಂದು ಮನಸ್ಸಿನಲ್ಲೇ ಆಣೆ ಮಾಡಿದಳು.

ಮಾರನೆಯ ದಿನ ಬಿಸಿಲು ತಗಡಿನ ಚಾವಣಿಯನ್ನು ಕಾಯಿಸಿತು. ಫ್ಯಾನು ಬಿಸಿಗಾಳಿಯನ್ನೇ ತಿರುಗಿಸಿ ಹಂಚಿತು. ಹಾಡಿಲ್ಲದ ಕೋಣೆಯಲ್ಲಿ ಮೆಷಿನ್ನುಗಳು ಒಂದೊಂದು ಒಂದೊಂದು ದಿಕ್ಕಿಗೆ ಓಡಿದವು. ಯಾರ ಕಾಲಿಗೂ ಯಾರ ಕಾಲೂ ಹೊಂದಲಿಲ್ಲ. ಜೇಬಣ್ಣ ಸುಮ್ಮಸುಮ್ಮನೆ ತೋಳಿನವಳ ಜೊತೆ ಜಗಳ ತೆಗೆದ. ರೇಡಿಯೊ ತಲೆ ಎತ್ತಲಿಲ್ಲ. ಅನುಭವಿಸಲಿ ಎಂದುಕೊಂಡಳು.

ಊಟವಾದ ಮೇಲೆ ಎಲ್ಲಿಂದಲೋ ಒಂದು ಗುನುಗು ಶುರುವಾಯಿತು. ಬಾಯಿ ಮುಚ್ಚಿಕೊಂಡೇ ಹಾಡುವ ಹಾಗೆ, ಸ್ವಲ್ಪ ಅಪಸ್ವರದಲ್ಲಿ, ಮೇಲಕ್ಕೆ ಮೇಲಕ್ಕೆ. ಮೆಷಿನ್ನುಗಳು ಒಂದೊಂದಾಗಿ ಅದರ ತಾಳಕ್ಕೆ ಬಂದವು. ಆಮೇಲೆ ಗುನುಗು ಥಟ್ಟನೆ ನಿಂತಿತು.

ಕೋಣೆಯ ಅಷ್ಟೂ ಕಾಲುಗಳು ಪೆಡಲಿನಿಂದ ಮೇಲೆದ್ದವು. ಈ ಸಲ ಕೈಗಳೂ ನಿಂತವು. ಫ್ಯಾನಿನ ಸದ್ದು ಕೇಳಿಸಿತು, ಬೀದಿಯಲ್ಲಿ ಯಾರೋ ಸೈಕಲ್ ಬೆಲ್ ಹೊಡೆದದ್ದು ಕೇಳಿಸಿತು. ಬಟ್ಟೆ ಕತ್ತರಿಸುತ್ತಿದ್ದ ಮಾಸ್ಟರ ಕತ್ತರಿ ಬಾಯಿ ತೆರೆದುಕೊಂಡೇ ನಿಂತಿತ್ತು. ಗುನುಗು ಕೆಳದನಿಯಲ್ಲಿ ಮರಳಿತು, ಮೆಷಿನ್ನುಗಳೂ ಒಟ್ಟಿಗೇ ಮರಳಿದವು.

ರೇಡಿಯೊ ಎದ್ದು ನಿಂತಳು. ಗುನುಗುತ್ತಿದ್ದದ್ದು ಚಿಕ್ಕಮ್ಮ.

"ಏನು ನೋಡ್ತೀಯ?" ಚಿಕ್ಕಮ್ಮ ಸಿಡುಕಿದಳು. "ಎರಡು ದಿನದಿಂದ ತಲೆಯೊಳಗೆ ಕೂತಿದೆ ದರಿದ್ರದ್ದು, ಹೋಗ್ತಾನೇ ಇಲ್ಲ. ಅದೂ ನಡುವಿಂದ ಮಾತ್ರ. ಅದು ಶುರುವಾಗೋದು ಹೇಗೆ?"

"ನಿಂಗೆ ಹೇಗೆ ಗೊತ್ತಿರುತ್ತೆ, ಚಿಕ್ಕಮ್ಮ? ಶುರುವಾದಾಗೆಲ್ಲ ನೀನು ಬೈತಾ ಇದ್ದೆ."

ಜೇಬಣ್ಣ ನಕ್ಕ. ಚಿಕ್ಕಮ್ಮ ನಗಲಿಲ್ಲ. ಕಾಲರನ್ನು ಸೂಜಿಯ ಕೆಳಗೇ ಬಿಟ್ಟು, ಕೈಯನ್ನು ಮಡಿಲಲ್ಲಿಟ್ಟುಕೊಂಡು ಮಾಸ್ಟರ ಕಡೆ ತಿರುಗಿದಳು. ಮಾಸ್ಟರು ಬೀರುವಿನ ಕೀಲಿಕೈಯನ್ನು ಮೇಜಿನ ಮೇಲೆ ತಳ್ಳಿದರು. "ಗಂಟು ಬಿದ್ರೆ ಬಿಚ್ಚೋದು ನೀನೇ," ಎಂದರು ರೇಡಿಯೊಗೆ.

ರೇಡಿಯೊ ಸ್ಪೀಕರನ್ನು ಮೊಳೆಗೆ ತೂಗುಹಾಕಿದಳು. ನಿನ್ನೆಯ ಆಣೆ ನೆನಪಾಯಿತು. ತನ್ನ ಮೇಲೇ ಸಿಟ್ಟು ಬಂತು, ಆದರೂ ಫೋನಿನಲ್ಲಿ ಆ ಹಾಡು ಹುಡುಕುವ ಬೆರಳು ನಿಲ್ಲಲಿಲ್ಲ.

"ಇನ್ನೊಂದು ಸಲ ಹಾಕು," ಎಂದಳು ಚಿಕ್ಕಮ್ಮ. "ಈ ಸಲ ನಾನು ಮಾತಾಡಲ್ಲ."

ಹಾಡು ಶುರುವಾಯಿತು. ಚಿಕ್ಕಮ್ಮ ಮಾತಾಡಲಿಲ್ಲ.